ಏಳು ಮೂಲೆಯಾಚೆಯ ಪೈಕಿ

ಇಳಕಲ್ಲಿನಲ್ಲಿ ಜರ್ಮನ್ ಕಲಿತ ಹುಡುಗಿ ಎಂದರೆ ಮಹಾನಂದಾ ಒಬ್ಬಳೇ. ಧಾರವಾಡದಲ್ಲಿ ಎರಡು ವರ್ಷ ಕಲಿತು ಬಂದವಳಿಗೆ ನೇಕಾರರ ಓಣಿ ಕೇಳಿದ್ದು ಒಂದೇ ಪ್ರಶ್ನೆ, ಅದರಿಂದ ಏನು ಬರುತ್ತದೆ ಅಂತ. 2001ರಲ್ಲಿ ಕೊನೆಗೂ ಪುಣೆಯ ಅನುವಾದ ಕಚೇರಿಯೊಂದು ಪರೀಕ್ಷೆಗೆಂದು ಹತ್ತು ಜರ್ಮನ್ ವಾಕ್ಯ ಕಳಿಸಿತು. ಇಂಗ್ಲಿಷಿಗೆ ತಂದು ತೋರಿಸಿದರೆ ಮನೆಯಲ್ಲೇ ಕೂತು ಮಾಡುವ ಕೆಲಸ. ಸ್ವಂತ ಹೆಸರಿನಲ್ಲಿ ಒಂದು ಕೆಲಸ ಸಿಗಲಿ ಎಂದು ಅವಳ ಜೀವ ಹಪಹಪಿಸುತ್ತಿತ್ತು.

ಒಂಬತ್ತು ವಾಕ್ಯ ಸಲೀಸಾಗಿ ಬಂದವು. ಹತ್ತನೆಯದು ಸತಾಯಿಸಿತು: 'ಅವನು ನನಗೆ ಏಳು ಮೂಲೆ ಸುತ್ತಿ ಗೊತ್ತು.' ಡಿಕ್ಷನರಿ ಬಾಯಿ ಬಿಡಲಿಲ್ಲ. ಮಗ್ಗದ ಮನೆ ಹುಡುಕಿ ಬಂದವರಿಗೆ ದಾರಿ ಹೇಳುತ್ತಲೇ ಬೆಳೆದವಳಿಗೆ ಮೂಲೆ ಎಂದರೆ ಓಣಿಯ ತಿರುವು. ಏಳು ತಿರುವು ದಾಟಿದರೆ ಅವನ ಮನೆ ಎಂದು ಬರೆದಳು. ತಪ್ಪಾಯಿತೆಂದು ಮನಸ್ಸು ಚುಚ್ಚುತ್ತಲೇ ಇತ್ತು.

ಸೋದರತ್ತೆ ಲಕ್ಕವ್ವನದು ಬೇರೆಯೇ ಚಿಂತೆ. "ಯಾರದಾರ ಶಿಫಾರಸು ಚೀಟಿ ಇಲ್ದ ಕೆಲಸ ಯಾರು ಕೊಡ್ತಾರ? ಹುನಗುಂದ ಕೋರ್ಟಿನ ವಕೀಲ ಅಂದಾನಪ್ಪಗ ಪುಣೆದಾಗ ಗುರುತಿನವರು ಅದಾರ. ಒಂದು ಚೀಟಿ ಬರಸ್ಕೊಂಡು ಅದ ಲಕೋಟಿದಾಗ ಇಡೂಣು."

"ನಂಗ ಬ್ಯಾಡತ್ತಿ."

ಬೇಡವೆಂದರೆ ಕೇಳುವ ಹೆಂಗಸೇ? ಉತ್ತರ ಕಳಿಸಲು ಕೊನೆಯ ದಿನ ಲಕೋಟೆ ಸಮೇತ ಅವಳನ್ನು ಹುನಗುಂದದ ಬಸ್ಸು ಹತ್ತಿಸಿ ತಾನೂ ಹತ್ತಿದಳು.

ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಮಾಯವ್ವ ಎಂಬಾಕೆ ಮಾತ್ರ ಮಗ್ಗುಲಿಗೆ ಚೀಲ ಇಟ್ಟುಕೊಂಡು ಬಿಗುಮಾನದಿಂದ ಕೂತಿದ್ದಳು. ಲಕ್ಕವ್ವ ಶುರು ಹಚ್ಚಿದಳು.

"ಯಾವೂರ್ರಿ? ಕಮತಗಿ? ಕಮತಗ್ಯಾಗ ಯಾರ ಪೈಕಿ? ನಮ್ಮ ಅಣ್ಣನ ಹೆಣ್ತಿ ಗುಳೇದಗುಡ್ಡದಾಕಿ. ಆಕಿ ಅಕ್ಕನ ನಾದಿನಿ ಮಗಳನ್ನ ಕೊಟ್ಟಿದ್ದು ನಿಮ್ಮೂರಿಗೇ. ಆ ಹುಡುಗಿ ಮಾವನ ತಂಗಿ..."

"ಅಯ್ಯ, ಆಕಿ ನಮ್ಮ ನೆಗೆಣ್ಣಿ ಅಲ್ಲೇನ್ರಿ, ನಮ್ಮ ಮೈದುನನ ಹೆಣ್ತಿ!" ಚೀಲ ಕೆಳಗಿಳಿಯಿತು. "ಬರ್ರಿ, ಕುಂದರ್ರಿ. ನೀವು ನಮ್ಮ ಪೈಕಿನ ಆದ್ರಿ."

ಮಹಾನಂದಾ ನಿಂತಲ್ಲೇ ಬೆರಳು ಮಡಚಿದಳು. ಅಣ್ಣ, ಅವನ ಹೆಂಡತಿ, ಅವಳ ಅಕ್ಕ, ನಾದಿನಿ, ಮಗಳು, ಮಾವ, ತಂಗಿ. ಏಳು! ಆ ಜರ್ಮನ್ ಮೂಲೆಗಳೆಲ್ಲ ಮನುಷ್ಯರೇ.

ಹುನಗುಂದದಲ್ಲಿ ಅಂದಾನಪ್ಪ ಕೋರ್ಟಿನೊಳಗಿದ್ದ; ನಾಲ್ಕಕ್ಕೆ ಬರಲು ಹೇಳಿ ಕಳಿಸಿದ. ಅಂಚೆ ಕಚೇರಿಯಲ್ಲಿ ರಿಜಿಸ್ಟರ್ ಟಪಾಲು ತೆಗೆದುಕೊಳ್ಳುವುದು ಮೂರಕ್ಕೇ ಬಂದ್. ಮಹಾನಂದಾ ಹಳೆಯ ಸಾಲು ಹೊಡೆದುಹಾಕಿ ಇಂಗ್ಲಿಷಿನಲ್ಲಿ ಹೊಸದು ಬರೆದಳು: ಅವನು ನನಗೆ ಗೊತ್ತು, ಆದರೆ ನನ್ನಿಂದ ಅವನ ತನಕ ಹೋಗಲು ನಡುವೆ ಏಳು ಜನ ಬೇಕು. ಚೀಟಿ ಇಲ್ಲದೆಯೇ ಲಕೋಟೆ ಅಂಟಿಸಿ ಕಳಿಸಿಬಿಟ್ಟಳು. ಚೀಟಿ ತಪ್ಪಿತೆಂದು ಲಕ್ಕವ್ವ ಊರು ಮುಟ್ಟುವ ತನಕ ಗೊಣಗಿದಳು.

ಇಪ್ಪತ್ತು ದಿನಕ್ಕೆ ಪುಣೆಯಿಂದ ದಪ್ಪ ಲಕೋಟೆ ಬಂತು. ಒಳಗೆ ಮೊದಲ ಕೆಲಸ, ಜೊತೆಗೆ ಹತ್ತನೆಯ ವಾಕ್ಯವನ್ನು ಮೆಚ್ಚಿ ಎರಡು ಸಾಲು. ಮಹಾನಂದಾಳಿಗೆ ಕಣ್ಣು ತುಂಬಿ ಬಂತು.

"ಅಂದಾನಪ್ಪ ಹೇಳ್ಯಾನೇನು ಮತ್ತ?" ಲಕ್ಕವ್ವ ಕೇಳಿದಳು.

"ಇಲ್ಲತ್ತಿ. ನಡುವ ಯಾರೂ ಇಲ್ಲ. ನಾ ಬರದದ್ದು ನೋಡೇ ಕೊಟ್ಟಾರ." ಹೆಮ್ಮೆಯಿಂದ ಆ ವಾಕ್ಯವನ್ನು ಕನ್ನಡದಲ್ಲಿ ಓದಿ ಹೇಳಿದಳು.

ಏಳು ಜನ ಎಂದೊಡನೆ ಲಕ್ಕವ್ವ ಸೊಂಟದ ಮೇಲೆ ಕೈಯಿಟ್ಟಳು. "ಹಂಗಾರ ನಾ ಬಸ್ಸಿನ್ಯಾಗ ಅಷ್ಟೂ ಮಂದಿನ್ನ ಹೇಳಿ ಬಾಯಿ ಒಣಗಿಸಿಕೊಂಡಿದ್ದು ಲೆಕ್ಕಕ್ಕಿಲ್ಲೇನು?"

ಮಹಾನಂದಾ ನಗುತ್ತ ಅತ್ತೆಯನ್ನು ತಬ್ಬಿಕೊಂಡಳು.

"ಖರೆ. ನಡುವ ನೀ ಒಬ್ಬಾಕಿ ಇದ್ದಿ."