ಸುಮ್ಮನೆ ನೋಡಲು ಬಂದವರು

"ಏನು ಬಂದದ್ದು ಯಜಮಾನ್ರೇ?" ಎಂದು ಮಂತ್ರಿಗಳು ಕೇಳಿದರು.

"ಏನಿಲ್ಲ ಸಾರ್, ಸುಮ್ನೆ ನಿಮ್ಮನ್ನ ನೋಡ್ಕೊಂಡು ಹೋಗೋಣ ಅಂತ," ಎಂದರು ಬಾಟ್ಲಿ ಸಾಹುಕಾರರು.

ಚುನಾವಣೆಗೆ ದುಡ್ಡು ಕೊಟ್ಟವರ ಪದ್ಧತಿಯೇ ಇದು. ಮೊದಲ ಸಲ ಕೇಳಿದಾಗ ಏನೂ ಇಲ್ಲ ಅನ್ನಬೇಕು. ಮಂತ್ರಿಗಳು "ಪರವಾಗಿಲ್ಲ, ಹೇಳಿ" ಅನ್ನಬೇಕು. ಆಗ ತಲೆ ಕೆರೆದುಕೊಂಡು, ಒಲ್ಲದ ಮನಸ್ಸಿನಿಂದ ಎಂಬಂತೆ ವಿಷಯ ತೆಗೆಯಬೇಕು. ಹೋದದ್ದೇ ಬೇಡಿದರೆ ಇಬ್ಬರ ಮಾನವೂ ಹೋಗುತ್ತದಲ್ಲ! ಹಿಂದಿನ ಮಂತ್ರಿಗಳ ಜೊತೆ ಸಾಹುಕಾರರು ಈ ಆಟವನ್ನು ಎಷ್ಟೋ ಸಲ ಆಡಿದ್ದರು. ಇವರು ಹೊಸಬರು.

ಹಾಲನ್ನು ಇನ್ನುಮುಂದೆ ಗಾಜಿನ ಬಾಟಲಿಯಲ್ಲಿ ಮಾರಬೇಕೋ, ಪ್ಲಾಸ್ಟಿಕ್ ಪ್ಯಾಕೆಟ್ಟಿನಲ್ಲೋ ಎಂದು ಮಂತ್ರಿಗಳು ಸಂಜೆಯೊಳಗೆ ತೀರ್ಮಾನಿಸಬೇಕಿತ್ತು. ಪ್ಯಾಕೆಟ್ ಎಂದಾದರೆ ಸಾಹುಕಾರರು ತಮ್ಮ ಬಾಟಲಿ ಕಾರ್ಖಾನೆಯ ಕುಲುಮೆ ಆರಿಸಬೇಕು. ಆರಿದರೆ ಒಳಗಿನ ಗಾಜು ಗಟ್ಟಿಯಾಗಿ ಕುಲುಮೆಯೇ ಬಿರಿಯುತ್ತದೆ, ಮತ್ತೆ ಹೊತ್ತಿಸುವ ಮಾತಿಲ್ಲ. ಅದನ್ನೇ ನಂಬಿದ ಮನೆಗಳು ಎಷ್ಟೋ. ಪ್ಯಾಕೆಟ್ ಕಂಪನಿಯವನು ಹೊರಗೆ ಸರದಿಯಲ್ಲಿ ಕೂತಿದ್ದ. ಅವನೂ ದುಡ್ಡು ಕೊಟ್ಟವನೇ.

ಸಾಹುಕಾರರು ಮಂತ್ರಿಗಳ ಎರಡನೇ ಮಾತಿಗೆ ಕಾದರು. ಅದು ಬರಲಿಲ್ಲ. ಮಂತ್ರಿಗಳು ಪೆನ್ನು ಕೆಳಗಿಟ್ಟರು. ಕಣ್ಣು ಒದ್ದೆಯಾಗಿತ್ತು.

"ನನ್ನಾಕೆ ತೀರ್ಕೊಂಡ ಮೇಲೆ ಬಂದೋರೆಲ್ಲ ಅಯ್ಯೋ ಪಾಪ ಅಂದು, ಅದೇ ಬಾಯಲ್ಲಿ ತಮ್ಮ ಕೆಲಸ ಹೇಳಿದ್ರು. ಸುಮ್ನೆ ಬಂದೋರು ನೀವೊಬ್ರೇ ನೋಡಿ."

ಸಾಹುಕಾರರು ಫೈಲು ಇದ್ದ ತಮ್ಮ ಚೀಲವನ್ನು ಮೆಲ್ಲಗೆ ಕುರ್ಚಿಯ ಹಿಂದಕ್ಕೆ ಸರಿಸಿದರು.

ಆಮೇಲೆ ಮಂತ್ರಿಗಳು ಹೆಂಡತಿಯ ಸುದ್ದಿಯನ್ನೇ ಹೇಳಿದರು. ಚಹಾಕ್ಕೆ ಸಕ್ಕರೆ ಹಾಕುವುದನ್ನು ತಾನೇ ಮರೆತು, ಸಪ್ಪೆ ಅಂದರೆ ಜಗಳಕ್ಕೆ ಬರುತ್ತಿದ್ದಳಂತೆ. ಹೇಳುತ್ತ ನಕ್ಕುಬಿಟ್ಟರು. ಸಾಹುಕಾರರೂ ಹೆಂಡತಿಯನ್ನು ಕಳೆದುಕೊಂಡವರು. "ನಮ್ಮನೆಯವಳೂ ಹಾಗೇ ಸಾರ್," ಎಂದರು. ಅದೇನೂ ಬಾಯುಪಚಾರದ ಮಾತಾಗಿರಲಿಲ್ಲ. ಅವರಿಗೆ ಈ ಮನುಷ್ಯ ನಿಜಕ್ಕೂ ಇಷ್ಟವಾಗಿದ್ದರು, ಗ್ರಹಚಾರ! ಕೊನೆಗೆ ಮಂತ್ರಿಗಳು ಬಾಗಿಲ ತನಕ ಬಂದು ಬೀಳ್ಕೊಟ್ಟರು.

ಹೊರಗೆ ಕಾರಿನಲ್ಲಿ ಮಗಳು ಕಾಯುತ್ತಿದ್ದಳು. ಈಗ ಕಾರ್ಖಾನೆ ನೋಡಿಕೊಳ್ಳುತ್ತಿದ್ದವಳು ಅವಳೇ.

"ಏನಂದ್ರು ಅಪ್ಪಾ?"

"ಕೇಳಲಿಲ್ಲ ಕಣಮ್ಮ. ಬಾಯಿ ಬರಲಿಲ್ಲ."

ಅವಳು ಕೂಗಾಡಲಿಲ್ಲ. ಕೂಗಾಡಿದ್ದರೇ ಚೆನ್ನಾಗಿತ್ತು. "ಸರಿ. ಕುಲುಮೆ ಹತ್ರ ನಿಂತಿರೋರಿಗೆ ನೀವೇ ಹೇಳಿಬಿಡಿ. ನನ್ನಿಂದಾಗಲ್ಲ," ಎಂದಳು.

ಸಾಹುಕಾರರು ಚೀಲ ಎತ್ತಿಕೊಂಡು ಮತ್ತೆ ಒಳಗೆ ಹೋದರು. "ನೀವು ಯಾವಾಗ ಬಂದ್ರೂ ಒಳಗೆ ಬಿಡು ಅಂದಿದ್ದಾರೆ," ಎಂದು ಜವಾನ ಪ್ಯಾಕೆಟ್ ಕಂಪನಿಯವನನ್ನೂ ಬದಿಗೆ ಸರಿಸಿ ಬಾಗಿಲು ತೆಗೆದ.

ಅವರನ್ನು ಕಂಡದ್ದೇ ಮಂತ್ರಿಗಳ ಮುಖ ಅರಳಿತು. ಎದ್ದು ನಿಂತರು. "ಬನ್ನಿ ಬನ್ನಿ. ಏನಾದ್ರೂ ಮರೆತ್ರಾ?"

"ಹೂಂ ಸಾರ್," ಎಂದರು ಸಾಹುಕಾರರು, ನೆಲ ನೋಡುತ್ತ. "ಒಂದು ಕೆಲಸ ಇತ್ತು."

ಮಂತ್ರಿಗಳು ಮತ್ತೆ ಕೂತು, ಕನ್ನಡಕ ಹಾಕಿಕೊಂಡು, ಮೇಜಿನ ಆಚೆಯಿಂದ ಕೈ ಚಾಚಿದರು.

"ಕೊಡಿ, ಫೈಲು."