ಕಲಿಯಾಕ ಬಂದಾಕಿ

"ಕಣ್ಣ ಮುಚ್ಚಿದ್ಯಂದ್ರ ಕಾಲಾಗಿಂದು ಕೈಗಿ ತಗೋತೀನಿ ನೋಡು, ರಂಡಿ. ಪಟ್ಟಿ ಅಳಗ್ಯಾಡಾಕತ್ತೈತಿ. ನೆಟ್ಟಗ ಹಿಡಿ."

ಮೋನಾಲಿ ಕಬ್ಬಿಣದ ಪಟ್ಟಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು. ಎದುರಿಗೆ ಕುಕ್ಕರುಗಾಲಲ್ಲಿ ಕೂತ ರೇವಪ್ಪ ಮಿಸ್ತ್ರಿ ಕಪ್ಪು ಗಾಜಿನ ಮರೆ ಹಿಡಿದು ವೆಲ್ಡಿಂಗ್ ಮಾಡುತ್ತಿದ್ದ. ಅವಳ ಮುಖಕ್ಕೆ ಇದ್ದದ್ದು ಓಢಣಿಯ ಸೆರಗು ಮಾತ್ರ. ಬೈದವನು ಮಾಲೀಕ ಧನಾಜಿ. ಗಡಿಯಾಚೆಯ ಜತ್ತ ಊರಿನ ಹೊರಗೆ, ದೊಡ್ಡ ರಸ್ತೆಗೆ ಹತ್ತಿ ಅವನ ಶೆಡ್ಡು. ಅಲ್ಲಿ ಟ್ರ್ಯಾಕ್ಟರಿನ ಟ್ರಾಲಿ ಕಟ್ಟುತ್ತಿದ್ದರು.

"ಮಾಲಕ್ರ, ಒಂದು ಚಶ್ಮಾರೆ ಕೊಡ್ರಿ. ರಾತ್ರಿ ಕಣ್ಣಾಗ ಉಸುಕು ತುಂಬಿದಂಗ ಆಗತೈತ್ರಿ."

"ಚಶ್ಮಾ ಕೆಲಸದವರಿಗೆ. ನೀ ಶಿಕಾವು. ಕಲಿಯಾಕ ಬಂದಾಕಿ."

ಮೋನಾಲಿ ಮುಚ್ಚಂಡಿಯವಳು. ಐಟಿಐಯಲ್ಲಿ ವೆಲ್ಡರ್ ಕೋರ್ಸ್ ಮುಗಿಸಿ ಒಂದು ವರ್ಷದ ತರಬೇತಿಗೆ ಇಲ್ಲಿ ಸೇರಿದ್ದಳು. ಬಂದ ದಿನವೇ ಧನಾಜಿ ಕೇಳಿದ್ದ, "ಯಾವ ಓಣಿ?" ಬುದ್ಧವಿಹಾರದ ಹತ್ತಿರ ಅಂದಳು. ಅವನು ಶೆಡ್ಡಿನ ಹಿಂದಿನ ಸಂಡಾಸದ ಕಡೆ ಗದ್ದ ಎತ್ತಿ ತೋರಿಸಿದ.

"ಮೊದಲ ಅದನ್ನ ತೊಳಿ. ನಿಮ್ಮ ಮಂದಿಗೆ ಅದೊಂದು ಕಲಿಸೂದು ಬ್ಯಾಡ."

ತೊಳೆದಳು. ಕಸ ಹೊಡೆದಳು, ಚಹಾದ ಕಪ್ಪು ತೊಳೆದಳು. ನೀರಿನ ಡ್ರಮ್ಮಿಗೆ ಮಾತ್ರ ಕೈ ಹಚ್ಚುವಂತಿರಲಿಲ್ಲ. ಮನೆಯಿಂದ ಬಾಟಲಿ ತರುತ್ತಿದ್ದಳು. ಹತ್ತು ತಿಂಗಳು ಕಳೆದರೂ ವೆಲ್ಡಿಂಗಿನ ಹೋಲ್ಡರ್ ಅವಳ ಕೈಗೆ ಬರಲಿಲ್ಲ. ಮನೆಯಲ್ಲಿ ಅವ್ವ ಮಾಯಕ್ಕ ಆಲೂಗಡ್ಡೆ ಹೆಚ್ಚಿ ಮಗಳ ಉರಿವ ಕಣ್ಣುಗಳ ಮೇಲಿಟ್ಟು, "ಇನ್ನೆರಡ ತಿಂಗಳವ್ವ, ಸರ್ಟಿಫಿಕೇಟ್ ಒಂದು ಕೈಗಿ ಬರ್ಲಿ" ಅನ್ನುತ್ತಿದ್ದಳು.

ಅವಳ ಜೊತೆ ತರಬೇತಿಗೆ ಬಂದ ಇನ್ನೊಬ್ಬ ಅಮೋಗಸಿದ್ದ, ತಿಕೋಂಡಿಯ ಕುರುಬರ ಹುಡುಗ. ಅವನಿಗೆ ಗ್ರೈಂಡರ್ ಕೊಟ್ಟಿದ್ದರು. ಚಕ್ರದ ಮೇಲಿನ ಮುಚ್ಚಳವನ್ನು ಧನಾಜಿಯೇ ಬಿಚ್ಚಿಸಿದ್ದ; ಮುಚ್ಚಳ ಇದ್ದರೆ ಕೆಲಸ ಲಗೂನ ಸಾಗುವುದಿಲ್ಲ ಎಂದು. ಒಂದು ಸೋಮವಾರ ಮಧ್ಯಾಹ್ನ ಚಕ್ರ ಒಡೆಯಿತು. ಅಮೋಗಸಿದ್ದ ಚೀರಲೂ ಇಲ್ಲ. ಎಡಗಣ್ಣಿನ ಮೇಲೆ ಅಂಗೈ ಒತ್ತಿಕೊಂಡು ನೆಲಕ್ಕೆ ಕೂತ. ಬೆರಳ ಸಂದಿಯಿಂದ ರಕ್ತ ಮೊಳಕೈಗಿಳಿಯಿತು.

ದವಾಖಾನೆಯ ಕಟ್ಟೆಯ ಮೇಲೆ ಅವನ ತಾಯಿ ಹಾಲವ್ವ ಬಾಯಿಗೆ ಸೆರಗು ತುರುಕಿಕೊಂಡು ಕೂತಿದ್ದಳು. ಧನಾಜಿ ಅವಳೆದುರು ನಿಂತ.

"ಡಾಕ್ಟರ್ ಕೇಳಿದ್ರ ಏನಂತಿ?"

"ಏನನ್ನಲ್ರಿ ಯಪ್ಪಾ?"

"ಕುರಿ ಮೇಸಾಕ ಹೋದಾಗ ಜಾಲಿಮುಳ್ಳು ಬಡೀತು ಅನ್ನು. ಕಾರ್ಖಾನಿ ಹೆಸರು ತಗದ್ಯೋ, ದವಾಖಾನಿ ಖರ್ಚು ನಿನ್ನ ಕುರಿ ಮಾರಿ ನೀನ ಕಟ್ಟು."

ಒಳಗೆ ಡಾಕ್ಟರ್ ಕೇಳಿದರು. ಹಾಲವ್ವ ನೆಲ ನೋಡುತ್ತ, "ಜಾಲಿಮುಳ್ರಿ" ಅಂದಳು. ಮಂಚದ ಮೇಲಿಂದ ಅಮೋಗಸಿದ್ದ ಉಳಿದ ಒಂದು ಕಣ್ಣಿನಿಂದ ತಾಯಿಯನ್ನೇ ನೋಡಿದ. ಬಾಗಿಲಲ್ಲಿ ನಿಂತಿದ್ದ ಮೋನಾಲಿಗೆ ಆ ನೋಟ ತಡೆಯಲಾಗಲಿಲ್ಲ. ಹೊರಗೆ ಬಂದು ಗೋಡೆಗೆ ಹಣೆ ಹಚ್ಚಿ ನಿಂತಳು.

ಮುಂದಿನ ವಾರ ತರಬೇತಿಯವರ ತಪಾಸಣೆಗೆ ಸರ್ಕಾರಿ ಸಾಹೇಬರು ಬರುವರೆಂದು ಸುದ್ದಿ ಬಂತು. ಆ ದಿನ ಬೆಳಿಗ್ಗೆ ಧನಾಜಿ ಮುಖ ಮುಚ್ಚುವ ಹೊಸ ವೆಲ್ಡಿಂಗ್ ಹೆಲ್ಮೆಟ್, ಕೈಗವಸು ತಂದು ಅವಳ ಮುಂದೆ ಒಗೆದ. ಹೆಲ್ಮೆಟಿನ ಪ್ಲಾಸ್ಟಿಕ್ ಕೂಡ ಹರಿದಿರಲಿಲ್ಲ.

"ಹಾಕ್ಕೊ. ಹೋಲ್ಡರ್ ಹಿಡದು ನಿಂದ್ರು. ಫೋಟೋ ತಗೀತಾರ. ಆ ಕುರುಬರ ಸೂಳಿಮಗನ ಮಾತು ಬಂತಂದ್ರ, ಕೆಲಸ ಬಿಟ್ಟು ಓಡಿ ಹೋದಾ ಅನ್ನು."

ಸಾಹೇಬರು ಬಂದರು. ಫೋಟೋ ತೆಗೆದರು. "ಹೆಣ್ಮಕ್ಕಳೂ ಕಲಿಯಾಕತ್ತಾರ, ಭಾಳ ಚಲೋ" ಅಂದರು.

ಮೋನಾಲಿ ಹೆಲ್ಮೆಟ್ ಮೇಲೆತ್ತಿದಳು. "ಸಾಹೇಬ್ರ, ಇಲ್ಲಿ ಬಂದ ಮ್ಯಾಲ ನಾ ಇವತ್ತ ಮೊದಲ ಇದನ್ನ ಕೈಯಾಗ ಹಿಡದೀನ್ರಿ. ಇಷ್ಟ ದಿನ ಸಂಡಾಸ ತೊಳದೀನಿ. ಅಮೋಗಸಿದ್ದ ಓಡಿ ಹೋಗಿಲ್ರಿ. ಇಲ್ಲೇ, ಈ ಗ್ರೈಂಡರಿಗೆ ಅವನ ಕಣ್ಣ ಹೋತ್ರಿ."

ಸಾಹೇಬರು ಧನಾಜಿಯ ಮುಖ ನೋಡಿದರು, ಆಮೇಲೆ ತಮ್ಮ ಗಡಿಯಾರ ನೋಡಿಕೊಂಡರು.

"ತಂಗಿ, ನಿನಗ ಸರ್ಟಿಫಿಕೇಟ್ ಬೇಕೋ ಬ್ಯಾಡೋ?"

ಧನಾಜಿ ನಕ್ಕ. "ಬರ್ರಿ ಸಾಹೇಬ್ರ, ಒಳಗ ಕುಂದ್ರಿ. ಮಟನ್ ಆರಿ ಹೊಂಟೈತಿ." ಅವಳ ಪಕ್ಕದಲ್ಲಿ ಹಾಯುವಾಗ ಕಿವಿಯ ಹತ್ತಿರ ಬಗ್ಗಿದ. "ಸಾಹೇಬ್ರು ಹೋಗ್ಲಿ. ನಿನ್ನ ನಾಲಿಗಿ ಸಂಡಾಸದಾಗ ತಿಕ್ಕಸ್ತೀನಿ."

ಇಬ್ಬರೂ ಕ್ಯಾಬಿನ್ನಿನೊಳಗೆ ಹೋದರು. ಮೂಲೆಯ ಆ ಕೋಣೆಯ ಬಾಗಿಲು, ಚೌಕಟ್ಟು ಎಲ್ಲವೂ ಕಬ್ಬಿಣದವು. ಕಿಟಕಿಗೆ ಕಬ್ಬಿಣದ ಜಾಳಿಗೆ. ಹೊರಗಿನ ಧೂಳು ಬರಬಾರದೆಂದು ಧನಾಜಿ ಬಾಗಿಲು ಎಳೆದುಕೊಂಡ.

ಮೋನಾಲಿ ಕೈಯಲ್ಲಿದ್ದ ಹೋಲ್ಡರಿನ ವೈರು ಎಳೆದುಕೊಂಡು ಬಾಗಿಲ ತನಕ ನಡೆದಳು. ಹೆಲ್ಮೆಟ್ ಮುಖದ ಮೇಲೆ ಇಳಿಸಿದಳು. ಬಾಗಿಲೂ ಚೌಕಟ್ಟೂ ಕೂಡುವಲ್ಲಿ ಹೋಲ್ಡರಿನ ರಾಡ್ ತಾಗಿಸಿದಳು. ಮೊದಲ ಸಲ ಅಂಟಿಕೊಂಡಿತು. ಕಿತ್ತು ಮತ್ತೆ ಹಚ್ಚಿದಳು. ಬೆಂಕಿ ಹತ್ತಿತು. ಮೇಲೊಂದು ಕಡೆ ಬೆಸೆದಳು, ಚಿಲಕದ ಹತ್ತಿರ ಇನ್ನೊಂದು ಕಡೆ.

ಒಳಗಿಂದ ಬಾಗಿಲಿಗೆ ಒದೆ ಬಿತ್ತು. ಜಾಳಿಗೆಯಲ್ಲಿ ಧನಾಜಿಯ ಮುಖ ಕಾಣಿಸಿತು. ಗದ್ದಕ್ಕೆ ಸಾರು ಹತ್ತಿತ್ತು.

"ರೇವಪ್ಪಾ, ಮೇನ್ ಬಂದ್ ಮಾಡೋ. ಮಾಡತೀಯೋ ಇಲ್ಲೋ, ಸೂಳಿಮಗನ."

ಮಿಸ್ತ್ರಿ ರೇವಪ್ಪ ಮೇನ್ ಸ್ವಿಚ್ಚಿನ ಹತ್ತಿರವೇ ನಿಂತಿದ್ದ. ಅದರತ್ತ ನೋಡಿದ. ಜಾಳಿಗೆಯತ್ತ ನೋಡಿದ. ಆಮೇಲೆ ಡಬ್ಬಿಯಿಂದ ಹೊಸ ರಾಡ್ ತೆಗೆದು ಮೋನಾಲಿಯ ಹೋಲ್ಡರಿಗೆ ಸಿಕ್ಕಿಸಿ, ಅವಳ ಮೊಳಕೈ ಹಿಡಿದು ಸ್ವಲ್ಪ ಎತ್ತರಿಸಿದ.

"ಕೈ ಇಷ್ಟ ಎತ್ತರ ಇರ್ಲಿ, ತಂಗಿ. ಅವಸರ ಮಾಡಬ್ಯಾಡ. ಕೆಳಗಿನ ಮೂಲಿ ಉಳದೈತಿ."