ಮೇಲಿನದಕ್ಕೂ ಕೆಳಗಿನದಕ್ಕೂ ಮಾತಿಲ್ಲ

ಬ್ಯಾಟರಿಯವನು ಮೆಟ್ಟಿಲ ಕೆಳಗೆ ಕೂತು ಫೋನಿನಲ್ಲಿ ಪಿಸುಗುಡುತ್ತಿದ್ದ. ಪಿಸುಗುಡುವವರನ್ನು ನಾನು ನಂಬುವುದಿಲ್ಲ. ಅಡುಗೆಮನೆಯ ಬಾಗಿಲ ಹಿಂದೆ ಕಿವಿಗೊಟ್ಟು ನಿಂತೆ.

"ಕೆಳಗಿನದು ಸರಿಯಾಗೇ ಇದೆ ಸಾರ್. ಆದ್ರೆ ಮೇಲಿನದಕ್ಕೂ ಇದಕ್ಕೂ ಮಾತೇ ಇಲ್ಲ. ಮೇಲಿನದು ಸುಮ್ನೆ ಅಂದಾಜಿನ ಮೇಲೆ ಸಂಸಾರ ನಡೆಸ್ತಿದೆ."

ನನಗೆ ಮೈಯೆಲ್ಲ ಉರಿದುಹೋಯಿತು. ಮಹಡಿಯಲ್ಲಿರುವುದು ನನ್ನ ವಾರಗಿತ್ತಿ, ಮೈದುನನ ಹೆಂಡತಿ. ಕೆಳಗೆ ಇರುವುದು ನಾನು. ನಮ್ಮಿಬ್ಬರಿಗೆ ಹೋದ ವಾರದಿಂದ ಮಾತಿಲ್ಲ. ಇವನ ಕಿವಿ ಊದಿದವರು ಯಾರು? ಅವಳೇ ಇರಬೇಕು. ಅದೂ ನಮ್ಮನ್ನು 'ಅದು', 'ಇದು' ಅನ್ನುವಷ್ಟು ಸಲುಗೆ!

"ಏನಪ್ಪಾ, ಬ್ಯಾಟರಿ ನೋಡು ಅಂತ ಕರೆಸಿದ್ರೆ ನಮ್ಮನೆ ಜಗಳ ನೋಡ್ತಿದೀಯಾ?"

ಅವನು ಕಕ್ಕಾಬಿಕ್ಕಿಯಾದ. "ಅಯ್ಯೋ ಅಮ್ಮಾ, ಬ್ಯಾಟರಿಗೂ ಇನ್ವರ್ಟರಿಗೂ ಮಾತಿಲ್ಲ ಅಂದೆ!"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಆದರೂ ಅನುಮಾನ ಬಿಡಲಿಲ್ಲ.

ಬಿಡದಿರುವುದಕ್ಕೆ ಕಾರಣವಿತ್ತು. ಅತ್ತೆಗೆ ಶ್ವಾಸಕೋಶ ಕೈಕೊಟ್ಟಿದೆ. ಹಿಂದಿನ ಕೋಣೆಯಲ್ಲಿ ಆಕ್ಸಿಜನ್ ಮಿಷನ್ ಓಡಿದರೆ ಮಾತ್ರ ಅವರ ಉಸಿರು. ಅದಕ್ಕೆಂದೇ ತಾರಸಿಯ ಮೇಲೆ ಸೋಲಾರ್, ಮಹಡಿಯಲ್ಲಿ ಇನ್ವರ್ಟರ್, ಮೆಟ್ಟಿಲ ಕೆಳಗೆ ಬ್ಯಾಟರಿ. ಹೋದ ವಾರ ಕರೆಂಟ್ ಹೋದಾಗ ಇನ್ವರ್ಟರಿನ ಪರದೆ ಅರ್ಧಕ್ಕಿಂತ ಹೆಚ್ಚು ಚಾರ್ಜ್ ಇದೆ ಅನ್ನುತ್ತಲೇ ಇತ್ತು, ಬ್ಯಾಟರಿ ಪಟ್ಟನೆ ಆರಿತು. ಕರೆಂಟ್ ಬರುವಷ್ಟರಲ್ಲಿ ಅತ್ತೆಯ ತುಟಿ ನೀಲಿಗಟ್ಟಿತ್ತು. ಮೇಲಿನವಳು ಇಸ್ತ್ರಿ ಪೆಟ್ಟಿಗೆ ಹಾಕಿದ್ದಳೆಂದು ನನಗೆ ಖಾತ್ರಿ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಜಗತ್ತಿಗೆ ತಿಳಿಯುವುದಿಲ್ಲವೇ? ಇನ್ನು ಕೆಳಗೆ ಕಾಲಿಡಬೇಡ ಎಂದು ಅವತ್ತೇ ಹೇಳಿಬಿಟ್ಟಿದ್ದೆ.

ಇವತ್ತೂ ಬೆಳಗ್ಗಿನಿಂದ ಕರೆಂಟಿಲ್ಲ, ಹೊರಗೆ ಮೋಡ. ಅತ್ತೆಯ ಮಿಷನ್ ಬ್ಯಾಟರಿಯ ಮೇಲೇ ಓಡುತ್ತಿತ್ತು.

"ಬ್ಯಾಟರಿ ಒಳಗೆ ಬಿಎಂಎಸ್ ಅಂತ ಒಂದು ಬೋರ್ಡ್ ಇದೆ ಅಮ್ಮಾ. ಎಷ್ಟು ಉಳಿದಿದೆ ಅಂತ ಅದಕ್ಕೇ ಸರಿಯಾಗಿ ಗೊತ್ತು. ಅದನ್ನ ಮೇಲಿನ ಇನ್ವರ್ಟರಿಗೆ ಹೇಳೋ ವೈರನ್ನ ಪಕ್ಕದ ತೂತಿಗೆ ಹಾಕ್ಬಿಟ್ಟಿದಾರೆ, ಎರಡೂ ನೋಡೋಕೆ ಒಂದೇ ಥರ. ಬದಲಾಯಿಸ್ತೀನಿ. ಮೇಲೆ ಪರದೆಯಲ್ಲಿ ಎಷ್ಟು ಬರುತ್ತೆ ಅಂತ ಯಾರಾದ್ರೂ ಕೂಗಿ ಹೇಳಲಿ."

ಯಾರಾದರೂ ಎಂದರೆ ಅವಳೇ. ನಾನು ಬಾಯಿ ಬಿಡಲಿಲ್ಲ, ಅವನೇ ಕರೆದ.

"ಅರವತ್ತೆರಡು," ಎಂದಳು ಮೇಲಿನಿಂದ. ಅವನು ವೈರು ಕಿತ್ತು ಸರಿಯಾದ ತೂತಿಗೆ ಹಾಕಿದ. ಆಮೇಲೆ, "ಅಯ್ಯೋ, ಹತ್ತೊಂಬತ್ತು!"

ಸುಳ್ಳುಬುರುಕಿ ಎಂದು ಗೊಣಗಿದೆ.

"ನಿಜ ಅಮ್ಮಾ, ಬ್ಯಾಟರಿ ನನ್ನ ಫೋನಿನಲ್ಲೂ ಅಷ್ಟೇ ತೋರಿಸ್ತಿದೆ. ಮನೇಲಿ ಏನೋ ದೊಡ್ಡದು ಎಳೀತಿದೆ, ಬೇಗ ಆರಿಸಿ!"

ಸಿಕ್ಕಿಬಿದ್ದಳು! ಸೆರಗು ಸೊಂಟಕ್ಕೆ ಸಿಕ್ಕಿಸಿ ಮೆಟ್ಟಿಲು ಹತ್ತಿದೆ. ಮೇಲೆ ಒಂದು ದೀಪವಿಲ್ಲ, ಫ್ಯಾನಿಲ್ಲ. ಅವಳು ಇನ್ವರ್ಟರಿನ ಮುಂದೆ ಕತ್ತಿನ ಬೆವರು ಒರೆಸಿಕೊಳ್ಳುತ್ತ ನಿಂತಿದ್ದಳು. ನಾನು ನೇರ ಹೋಗಿ ಇಸ್ತ್ರಿ ಪೆಟ್ಟಿಗೆಯ ಮೇಲೆ ಕೈಯಿಟ್ಟೆ. ತಣ್ಣಗಿತ್ತು.

"ಕರೆಂಟ್ ಹೋದ ತಕ್ಷಣ ಮೇನ್ ಸ್ವಿಚ್ಚೇ ಆರಿಸಿಬಿಡ್ತೀನಿ ಅಕ್ಕಾ, ಅತ್ತೆಗಿರಲಿ ಅಂತ. ಅವತ್ತೂ ಆರಿಸಿದ್ದೆ. ನೀವು ಕೇಳ್ಲೇ ಇಲ್ಲ."

ಕೆಳಗಿನಿಂದ ಅವನು ಕೂಗಿದ: "ಅಮ್ಮಾ, ಹಿಂದೆ ನಿಮ್ಮ ಬಟ್ಟೆ ಒಗೆಯೋ ಮಿಷನ್ ತಿರುಗೋ ಸದ್ದು ಬರ್ತಿದೆ!"

ಚಾರ್ಜ್ ಬೇಕಾದಷ್ಟಿದೆ ಎಂಬ ಧೈರ್ಯದಲ್ಲಿ, ಬ್ಯಾಟರಿಯವನು ಬರುವ ಮೊದಲೇ, ಅತ್ತೆಯ ಹೊದಿಕೆಗಳನ್ನು ನಾನೇ ಹಾಕಿದ್ದೆ. ಹೋದ ವಾರವೂ ಹಾಕಿದ್ದೆ. ಇಸ್ತ್ರಿ ಪೆಟ್ಟಿಗೆಯ ಮೇಲಿಂದ ಕೈ ತೆಗೆದೆ. ಅವಳೇ ದಡದಡನೆ ಇಳಿದು ಓಡಿದಳು. ಬಟ್ಟೆ ಮಿಷನ್ನಿಗೆ ಅತ್ತೆಯ ಕೋಣೆ ದಾಟಿಯೇ ಹೋಗಬೇಕು. ಅದರ ಗುಡುಗುಡು ನಿಂತಿತು. ಆಮೇಲೆ ಅತ್ತೆಯ ಸಣ್ಣ ದನಿ ಕೇಳಿಸಿತು.

"ಯಾರದು, ಚಿಕ್ಕವಳಾ? ತವರಿಗೆ ಹೋಗಿದೀಯ ಅಂದಿದ್ಲಲ್ಲ ದೊಡ್ಡವಳು?"

ಮೆಟ್ಟಿಲ ತುದಿಯಲ್ಲಿ ಕಂಬಿ ಹಿಡಿದು ನಿಂತೆ. ಈಗ ನನ್ನ ಬಣ್ಣ ಬಯಲಾಗುತ್ತದೆ ಎಂದುಕೊಂಡೆ.

"ಹೌದತ್ತೆ," ಎಂದಳು ಅವಳು. "ಈಗ ತಾನೇ ಬಂದೆ."